ಮಾವನ ಆರು ವಾಚು, ಮುಖ ಕಾಣದ ಗಿರಾಕಿ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವವರು, ಮೂಲ ಕುಂದಾಪುರದ ಕಡೆ. ನನ್ನ ಮಾವ ಪರೇಲಿನ ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ದುಡಿದವರು. ಹೋದ ವರ್ಷ ತೀರಿಕೊಂಡರು. ಅವರ ಟ್ರಂಕಿನಲ್ಲಿ ಆರು ಹಳೆಯ ಎಚ್‌ಎಂಟಿ ವಾಚು ಸಿಕ್ಕವು. ಒಂದರ ಬೆನ್ನಿಗೆ ಅವರ ಹೆಸರು ಕೆತ್ತಿದೆ. ಈಗ ಇವಕ್ಕೆ ಒಳ್ಳೆ ಬೆಲೆ ಇದೆ ಎಂದು ಮಗ ಒಂದನ್ನು ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿದ. ಹತ್ತು ನಿಮಿಷಕ್ಕೆ ಫೋನ್ ಬಂತು. ತಾನು ಸೈನ್ಯದಲ್ಲಿರುವವನು ಎಂದ, ಗುರುತಿನ ಚೀಟಿ ಕಳಿಸಿದ, ಚೌಕಾಸಿ ಮಾಡಲಿಲ್ಲ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದ. ಮಾಡಿದೆವು. 4,800 ರೂಪಾಯಿ ನಮ್ಮ ಖಾತೆಯಿಂದಲೇ ಹೋಯಿತು. ಇದಾಗಿ ಒಂಬತ್ತು ದಿನ. ಅದಕ್ಕೂ ಮೊದಲು ನಮ್ಮವರು ಆನ್‌ಲೈನ್ ಹರಾಜಿನಲ್ಲಿ ಒಂದು ಎಚ್‌ಎಂಟಿ ಪೈಲಟ್ ವಾಚು ಕೊಂಡಿದ್ದರು. ಬಂದಿದ್ದು ಹೊಸದಾಗಿ ಬಣ್ಣ ಬಳಿದದ್ದು ಎಂದು ರಿಪೇರಿಯವರು ಹೇಳಿದರು. ಮಾರಲು ಹೋದರೂ ಮೋಸ, ಕೊಳ್ಳಲು ಹೋದರೂ ಮೋಸ. ಯಾರನ್ನು ನಂಬುವುದು? ಇದರಿಂದ ದೂರ ಇರುವುದೇ ಒಳ್ಳೆಯದಾ?

ಉತ್ತರ: ಮೊದಲು ಆ 4,800 ರೂಪಾಯಿಯ ಮಾತು. ಉಳಿದದ್ದು ಆಮೇಲೆ. 1930ಕ್ಕೆ ಫೋನ್ ಮಾಡಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಮಾಡಿಲ್ಲವಾದರೆ ಇದನ್ನು ಇಲ್ಲಿಗೇ ನಿಲ್ಲಿಸಿ, ಈಗಲೇ ಮಾಡಿ. ಅದು ಹಣದ ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ. ನಿಮ್ಮ ಪಾವತಿಯ ಯುಟಿಆರ್ ನಂಬರ್, ಅಂದರೆ ಆ ವಹಿವಾಟಿನ ಗುರುತಿನ ಸಂಖ್ಯೆ ಕೇಳುತ್ತಾರೆ, ಬ್ಯಾಂಕಿನ ಮೆಸೇಜಿನಲ್ಲೋ ಆ್ಯಪ್‌ನಲ್ಲೋ ಸಿಗುತ್ತದೆ. ದೂರು ನಿಮ್ಮ ಬ್ಯಾಂಕಿಗೂ ಹಣ ಹೋದ ಬ್ಯಾಂಕಿಗೂ ಮುಟ್ಟುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಕಳ್ಳರು ಅದನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಿ ಬೇಗ ತೆಗೆದುಬಿಡುತ್ತಾರೆ, ಅದಕ್ಕೇ ಮೊದಲ ಒಂದೆರಡು ಗಂಟೆಗೆ ಅಷ್ಟು ಬೆಲೆ. ಒಂಬತ್ತು ದಿನದ ಮೇಲೆ ಹಣ ವಾಪಸ್ ಬರುವ ಆಸೆ ಕಡಿಮೆ. ನಿಮಗೆ ಸುಳ್ಳು ಧೈರ್ಯ ಹೇಳಲಾರೆ. ಆದರೂ ದೂರು ಕೊಡಿ. ಅದೇ ಖಾತೆಗೆ ನಾಳೆ ಇನ್ನೊಬ್ಬರ ಹಣ ಹೋಗುವುದಿದೆ. ನಿಮ್ಮ ದೂರಿನಿಂದ ಅದು ನಿಲ್ಲಬಹುದು.

ಫೋನ್ ಮಾಡಿದ ಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ನಿಮ್ಮ ಹತ್ತಿರದ ಪೊಲೀಸ್ ಠಾಣೆಗೂ ಹೋಗಿ. ಡೊಂಬಿವಲಿ ಬರುವುದು ಥಾಣೆ ಕಮಿಷನರೇಟಿಗೆ, ಮುಂಬೈ ಪೊಲೀಸರಿಗಲ್ಲ. ಹಾಗೆಂದು ‘ಇದು ನಮ್ಮ ಹದ್ದಲ್ಲ’ ಎಂದು ಯಾರಾದರೂ ಕಳಿಸಿದರೆ ಹಿಂದೆ ಬರಬೇಡಿ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಎಫ್‌ಐಆರ್ ಎಲ್ಲಿ ಬೇಕಾದರೂ ದಾಖಲಿಸಬಹುದು, ಝೀರೋ ಎಫ್‌ಐಆರ್ ಎಂದು ಕೇಳಿ. ಮೋಸಕ್ಕೆ ಮೊದಲು 420 ಎನ್ನುತ್ತಿದ್ದೆವಲ್ಲ, ಅದು ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಬೇರೆಯವರ ಸೋಗು ಹಾಕಿ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ. ಅದಕ್ಕೆ ಮೂರು ವರ್ಷದವರೆಗೆ ಜೈಲು ಇದೆ.

ಇನ್ನೊಂದು ಎಚ್ಚರ. ‘ನಿಮ್ಮ ಹಣ ಸಿಕ್ಕಿದೆ, ಬಿಡಿಸಿಕೊಳ್ಳಲು ಸ್ವಲ್ಪ ಫೀ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಅದೂ ಕಳ್ಳರೇ. ಒಮ್ಮೆ ಮೋಸ ಹೋದವರ ನಂಬರು ಅವರ ಕೈಯಿಂದ ಕೈಗೆ ಹೋಗುತ್ತದೆ.

ಈಗ ನಡೆದದ್ದೇನು ಎಂದು ನೋಡೋಣ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸುವುದಕ್ಕೆ. ಪಡೆಯುವುದಕ್ಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ಏನೂ ಬೇಡ. ನೀವು ಸುಮ್ನೆ ಕೂತಿದ್ದರೂ ಹಣ ಬಂದು ಬೀಳುತ್ತದೆ. ಮೊದಲು ಇದೇ ಆಟವನ್ನು ‘ಕಲೆಕ್ಟ್ ರಿಕ್ವೆಸ್ಟ್’, ಅಂದರೆ ನಿಮ್ಮಿಂದ ಹಣ ಕೇಳುವ ಕೋರಿಕೆ ಕಳಿಸಿ ಆಡುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಆ ಸೌಲಭ್ಯವನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿದರು. ಕ್ಯೂಆರ್ ಉಳಿಯಿತು. ಪಿನ್ ನೀವೇ ಒತ್ತಿದ್ದರಿಂದ ಬ್ಯಾಂಕ್ ಕೈ ಚೆಲ್ಲುತ್ತದೆ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ತಂದಿತು. ಆದರೆ ಅದು ನಿಮ್ಮ ಅನುಮತಿ ಇಲ್ಲದೆ ನಡೆದ ವಹಿವಾಟಿಗೆ.

ನೀವು ಪೆದ್ದರು ಎಂದು ಅಂದುಕೊಳ್ಳಬೇಡಿ. ನಾನು ಮುಂಬೈಯ ಬ್ಯಾಂಕೊಂದರಲ್ಲಿ 28 ವರ್ಷ ಕೌಂಟರಿನ ಹಿಂದೆ ಕೂತವನು. ಪ್ರೊಫೆಸರುಗಳು, ಹೋಟೆಲ್ ಮಾಲೀಕರು, ವಕೀಲರು ಇದೇ ಕಥೆ ಹೇಳಿ ನನ್ನ ಮುಂದೆ ಕಣ್ಣೀರು ಹಾಕಿದ್ದಾರೆ. ಆ ಮನುಷ್ಯ ಸೈನಿಕನ ಸೋಗು ಯಾಕೆ ಹಾಕಿದ? ಸೈನಿಕ ಎಂದರೆ ನಮಗೆ ಗೌರವ, ಪ್ರಶ್ನೆ ಕೇಳಲು ಸಂಕೋಚ. ‘ನಾನು ಡ್ಯೂಟಿಯಲ್ಲಿದ್ದೇನೆ, ಬರಲು ಆಗುವುದಿಲ್ಲ’ ಎಂದರೆ ವಸ್ತು ನೋಡದೆ ಕೊಳ್ಳುವುದಕ್ಕೂ ಕಾರಣ ಸಿಕ್ಕಿತು. ಗುರುತಿನ ಚೀಟಿಯ ಫೋಟೊ ಯಾವುದೋ ನಿಜವಾದ ಜವಾನನದ್ದೇ ಇರಬಹುದು, ಕದ್ದದ್ದು. ನೀವಾಗಿ ಕೇಳದ ಗುರುತಿನ ಚೀಟಿಯನ್ನು ಯಾರಾದರೂ ಕಳಿಸಿದರೆ ಅಲ್ಲೇ ಮಾತು ನಿಲ್ಲಿಸಿ. ಹಳೆಯ ವಾಚು ಕೊಳ್ಳುವವನು ಚೌಕಾಸಿ ಮಾಡಲಿಲ್ಲ ಎಂದಿರಿ. ನನಗೆ ಎಲ್ಲಕ್ಕಿಂತ ದೊಡ್ಡ ಸುಳಿವು ಅದೇ. ನಿಜವಾದ ಗಿರಾಕಿ ಮೊದಲು ಕೇಳುವುದು ವಾಚಿನ ಬಗ್ಗೆ. ನಡೆಯುತ್ತಾ? ಕೀ ಕೊಟ್ಟರೆ ಎಷ್ಟು ಹೊತ್ತು ಓಡುತ್ತದೆ? ಬೆನ್ನಿನ ಮುಚ್ಚಳ ತೆಗೆದ ಫೋಟೊ ಇದೆಯಾ? ಇವನು ಕೇಳಿದ್ದು ನಿಮ್ಮ ಖಾತೆಯ ಬಗ್ಗೆ ಮಾತ್ರ.

ಯಾರನ್ನು ನಂಬುವುದು ಎಂದು ಕೇಳಿದ್ದೀರಿ. ನೀವು ಕುಂದಾಪುರದ ಕಡೆಯವರು, ಏಲಂ ನೋಡಿಯೇ ಇರುತ್ತೀರಿ. ಗಣೇಶ ಚೌತಿಯ ಕೊನೆಯ ದಿನ ದೇವರ ಮುಂದಿನ ತೆಂಗಿನಕಾಯಿ, ಹಣ್ಣಿನ ಗೊನೆ ಎತ್ತಿ ಹಿಡಿದು ಕೂಗುತ್ತಾರೆ. ಅಲ್ಲಿ ಎಲ್ಲರೂ ಎಲ್ಲರನ್ನೂ ನೋಡುತ್ತಿರುತ್ತಾರೆ. ವಸ್ತು ಕಣ್ಣ ಮುಂದೆ. ಬೆಲೆ ಏರಿಸುವವನು ಯಾರ ಭಾವ, ಯಾರ ಅಳಿಯ ಎಂಬುದೂ ಗೊತ್ತು. ಕೂಗಿ ಹಣ ಕೊಡದೆ ಹೋದರೆ ಮುಂದಿನ ವರ್ಷ ಆ ಪೆಂಡಾಲಿಗೆ ಕಾಲಿಡಲು ಮುಖ ಇರುವುದಿಲ್ಲ. ಅಲ್ಲಿ ನಂಬಿಕೆ ಇರುವುದು ಆ ವ್ಯವಸ್ಥೆಯಲ್ಲಿ. ಸುಳ್ಳು ಹೇಳಿದವನಿಗೆ ಅಲ್ಲೇ ಪೆಟ್ಟು ಬೀಳುತ್ತದೆ. ಆನ್‌ಲೈನಿನಲ್ಲಿ ಇದ್ಯಾವುದೂ ಇಲ್ಲ. ಹಾಗಾಗಿ ‘ಈ ಮನುಷ್ಯ ಒಳ್ಳೆಯವನಾ’ ಎಂದು ಕೇಳಿ ಪ್ರಯೋಜನವಿಲ್ಲ. ‘ಇವನು ಸುಳ್ಳು ಹೇಳಿದರೆ ಇವನಿಗೆ ಏನಾಗುತ್ತದೆ? ಅಲ್ಲಿಯ ತನಕ ನನ್ನ ಹಣ ಯಾರ ಕೈಯಲ್ಲಿದೆ?’ ಎಂದು ಕೇಳಬೇಕು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಪುಸ್ತಕವನ್ನು ವಿಪಿಪಿಯಲ್ಲಿ ತರಿಸುತ್ತಿದ್ದರಲ್ಲ, ನೆನಪಿದೆಯಾ? ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟರೆ ಪೊಟ್ಟಣ. ಪ್ರಕಾಶಕರಿಗೂ ಓದುಗನಿಗೂ ಪರಿಚಯವಿಲ್ಲ, ನಡುವೆ ಅಂಚೆ ಇಲಾಖೆ ನಿಂತಿತ್ತು.

ಆನ್‌ಲೈನ್ ಹರಾಜಿನ ಕಥೆಯೂ ಹೀಗೆ ನಡುವೆ ಯಾರು ನಿಲ್ಲಬೇಕು ಎಂಬುದರ ಕಥೆಯೇ. 1995ರಲ್ಲಿ ಪಿಯೆರ್ ಒಮಿಡ್ಯಾರ್ ಎಂಬವರು ಅಮೆರಿಕದಲ್ಲಿ ಶುರು ಮಾಡಿದ ತಾಣವೇ ಮುಂದೆ ಇಬೇ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಎಂದು ಹೇಳಿಯೇ ಮಾರಿದ್ದರು. ಮರುವರ್ಷವೇ ಕೊಂಡವರು ಮಾರಿದವರ ಬಗ್ಗೆ ಅಭಿಪ್ರಾಯ ಬರೆಯುವ ಏರ್ಪಾಡು ಬಂತು. ನಮ್ಮ ಮುಂಬೈಯಲ್ಲೇ 2000ದಲ್ಲಿ ಬಾಜೀ ಡಾಟ್ ಕಾಮ್ ಹುಟ್ಟಿತು, 2004ರಲ್ಲಿ ಇಬೇ ಅದನ್ನು ಕೊಂಡಿತು. ಅಲ್ಲಿ ಪೈಸಾಪೇ ಎಂಬ ಏರ್ಪಾಡು ಇತ್ತು. ಕೊಂಡವರ ಹಣ ನಡುವೆ ನಿಲ್ಲುತ್ತಿತ್ತು, ಆಮೇಲೆ ಮಾರಿದವರಿಗೆ ಹೋಗುತ್ತಿತ್ತು. 2018ರಲ್ಲಿ ಇಬೇಯ ಆ ಭಾರತದ ತಾಣ ಮುಚ್ಚಿತು. ಈಗ ಜನಸಾಮಾನ್ಯರು ಹಳೆಯ ಸಾಮಾನು ಮಾರುವುದು ಜಾಸ್ತಿ ಜಾಹೀರಾತಿನ ತಾಣಗಳಲ್ಲಿ, ಫೇಸ್‌ಬುಕ್ ಮತ್ತು ವಾಟ್ಸ್ಆ್ಯಪ್ ಗುಂಪಿನ ಹರಾಜಿನಲ್ಲಿ. ಅಲ್ಲಿ ಬಹಳ ಕಡೆ ನಡುವೆ ಯಾರೂ ಇಲ್ಲ. ಹಣ ನೇರ ಹೋಗುತ್ತದೆ. ಅಪಾಯ ಇರುವುದು ಅಲ್ಲೇ.

ನನಗೂ ಪೆಟ್ಟು ಬಿದ್ದಿದೆ. ಹದಿನೈದು ವರ್ಷದ ಹಿಂದೆ ಒಂದು ಹರಾಜು ತಾಣದಲ್ಲಿ ಎಚ್‌ಎಂಟಿ ಸೋನಾ ವಾಚಿಗೆ ಬಿಡ್ ಮಾಡಿದ್ದೆ. ಸೋತೆ. ಮರುದಿನ ಒಬ್ಬರು ಫೋನ್ ಮಾಡಿದರು. ಅಚ್ಚ ಕನ್ನಡ. ‘ಗೆದ್ದವರು ಕೈಕೊಟ್ಟರು ಸಾರ್. ನಿಮ್ಮ ಬೆಲೆಗೇ ಕೊಡ್ತೀನಿ. ತಾಣದ ಮೂಲಕ ಬೇಡ, ಕಮಿಷನ್ ಸುಮ್ನೆ ದಂಡ. ನಾವು ನಮ್ಮವರೇ ಅಲ್ವಾ?’ ಮಾಟುಂಗಾದ ಫ್ಲ್ಯಾಟಿನಲ್ಲಿ ಕೂತು ಊರ ಮಾತು ಕೇಳಿ ನನ್ನ ಮನಸ್ಸು ಕರಗಿತು. ಬ್ಯಾಂಕಿನವನಾಗಿಯೂ ನೇರ ಅವರ ಖಾತೆಗೆ ಹಣ ಹಾಕಿದೆ. ವಾಚು ಬರಲೇ ಇಲ್ಲ. ಅವರು ಮಾರಿದವರೇ ಅಲ್ಲ, ಹರಾಜಿನ ಪುಟ ನೋಡಿ ಸೋತವರನ್ನು ಹುಡುಕಿ ಫೋನ್ ಮಾಡುತ್ತಿದ್ದವರು ಎಂದು ಆಮೇಲೆ ತಿಳಿಯಿತು. ಹಣ ಹೋದದ್ದಕ್ಕಿಂತ ‘ನಮ್ಮವರೇ’ ಎಂಬ ಮಾತು ಬಹಳ ದಿನ ಚುಚ್ಚುತ್ತಿತ್ತು. ಮುಂಬೈಯ ನಮ್ಮ ಸಂಘಗಳ ವಾಟ್ಸ್ಆ್ಯಪ್ ಗುಂಪಿನಲ್ಲೂ ಈಗ ವ್ಯಾಪಾರ ನಡೆಯುತ್ತದೆ. ಭಾಷೆ ಒಂದೇ ಎಂಬುದು ಮಾತಾಡಲು ಕಾರಣ ಆಗಲಿ, ಮುಂಗಡ ಹಣ ಕಳಿಸಲು ಆಗಬಾರದು. ತಾಣದಲ್ಲಿ ಪಾವತಿ ತಡೆಹಿಡಿಯುವ ಏರ್ಪಾಡು ಇದ್ದಾಗ ‘ಹೊರಗೆ ಮುಗಿಸೋಣ’ ಎಂದವನು ಎಷ್ಟೇ ಸಿಹಿ ಮಾತಾಡಿದರೂ ಬೇಡ ಎನ್ನಿ.

ನಕ್ಷತ್ರಗಳನ್ನು, ಅಂದರೆ ರೇಟಿಂಗನ್ನು ನಂಬಬಹುದಾ ಎಂದರೆ, ಓದಲು ಬಂದರೆ ನಂಬಬಹುದು. ಒಳ್ಳೆಯ ಹೆಸರಿಗೆ ನಿಜವಾಗಿಯೂ ಬೆಲೆ ಇದೆ. ಅಮೆರಿಕದ ಸಂಶೋಧಕರು ಒಮ್ಮೆ ಒಂದೇ ತರದ ಹಳೆಯ ಪೋಸ್ಟ್‌ಕಾರ್ಡುಗಳನ್ನು ಇಬೇಯಲ್ಲಿ ಎರಡು ರೀತಿ ಮಾರಿ ನೋಡಿದರು. ಹೆಸರು ಮಾಡಿದ ಮಾರಾಟಗಾರನ ಖಾತೆಯಿಂದ ಮಾರಿದಾಗ ಹೊಸ ಖಾತೆಗಿಂತ ಸುಮಾರು ಶೇ. 8ರಷ್ಟು ಜಾಸ್ತಿ ಬೆಲೆ ಬಂತು. ಆದರೆ ಬೆಲೆ ಇರುವ ವಸ್ತುವಿಗೆ ನಕಲಿ ಇದ್ದೇ ಇರುತ್ತದೆ. ಐವತ್ತು ಫೋನ್ ಕವರ್ ಮಾರಿ ಐವತ್ತು ನಕ್ಷತ್ರ ಗಳಿಸಿ, ಐವತ್ತೊಂದನೆಯದಾಗಿ ಇಪ್ಪತ್ತು ಸಾವಿರದ ಕ್ಯಾಮೆರಾ ಹಾಕುವವರಿದ್ದಾರೆ. ಒಟ್ಟು ಎಷ್ಟು ಎಂದು ನೋಡಬೇಡಿ. ಇದೇ ತರದ, ಇದೇ ಬೆಲೆಯ ಸಾಮಾನು ಮೊದಲು ಮಾರಿದ್ದಾರಾ ನೋಡಿ. ಕೆಟ್ಟ ಅಭಿಪ್ರಾಯಗಳನ್ನು ಮೊದಲು ಓದಿ, ಅದಕ್ಕೆ ಮಾರಿದವರು ಕೊಟ್ಟ ಉತ್ತರವನ್ನೂ ಓದಿ. ತಪ್ಪಾಯಿತು, ಹಣ ವಾಪಸ್ ಕೊಟ್ಟೆ ಎಂದು ಬರೆದವರು ನನಗೆ ಒಂದೂ ಕಲೆ ಇಲ್ಲದವರಿಗಿಂತ ಹತ್ತಿರ.

ಬಿಡ್ ಮಾಡುವಾಗ ನಿಮ್ಮವರಿಗೆ ಒಂದು ಮಾತು ಹೇಳಿ. ವಾಚು ನೋಡಿದ ಕೂಡಲೇ, ಬಿಡ್ ಒತ್ತುವ ಮೊದಲು, ‘ಇದಕ್ಕೆ ನಾನು ಇಷ್ಟೇ’ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಮಾರುವವನೇ ಇನ್ನೊಂದು ಹೆಸರಿನಲ್ಲೋ ಗೆಳೆಯನ ಕೈಯಿಂದಲೋ ಬೆಲೆ ಏರಿಸುವುದು ಬಹಳ ಹಳೆಯ ಚಾಳಿ. ಒಬ್ಬನೇ ಬಿಡ್ಡರ್ ಯಾವಾಗಲೂ ಒಬ್ಬನದೇ ವಸ್ತುಗಳ ಮೇಲೆ ಬೆಲೆ ಏರಿಸುತ್ತಾನೆ, ಆದರೆ ಎಂದೂ ಗೆಲ್ಲುವುದಿಲ್ಲ ಎಂದರೆ ಅನುಮಾನ ಪಡಿ. ಚೀಟಿಯ ಅಂಕಿ ದಾಟಿದ ಮೇಲೆ ಆಟ ಬಿಡಿ.

ಈಗ ಆ ಪೈಲಟ್ ವಾಚಿಗೆ ಬರುತ್ತೇನೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯಲ್ಲಿ ನೌಕರನಿಗೆ ಎಚ್‌ಎಂಟಿಯೇ. 2016ರಲ್ಲಿ ಕೇಂದ್ರ ಸರ್ಕಾರ ಆ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಜನತಾ, ಪೈಲಟ್, ಸೋನಾ, ಕೋಹಿನೂರ್ ಹುಡುಕುವವರು ಜಾಸ್ತಿಯಾದರು. ಹುಡುಕುವವರು ಜಾಸ್ತಿಯಾದಲ್ಲಿ ಬಣ್ಣ ಬಳಿಯುವವರೂ ಬಂದರು.

ಹೇಳಲು ಬೇಸರ, ಈ ಕೆಲಸಕ್ಕೆ ಜಗತ್ತಿನಲ್ಲೆಲ್ಲ ನಮ್ಮ ಊರಿನ ಹೆಸರೇ ಅಂಟಿಕೊಂಡಿದೆ. ಹಳೆಯ ವಾಚು ಕೂಡಿಡುವವರು ಲಂಡನ್ನಿನಲ್ಲಿದ್ದರೂ ಇಂಥದ್ದನ್ನು ‘ಮುಂಬೈ ಸ್ಪೆಷಲ್’ ಎನ್ನುತ್ತಾರೆ. ಎರಡು ಮೂರು ಹಾಳಾದ ವಾಚಿನ ಭಾಗ ಸೇರಿಸಿ ಒಂದು ಮಾಡುತ್ತಾರೆ, ಕೇಸಿಗೆ ಪಾಲಿಶ್ ಹೊಡೆಯುತ್ತಾರೆ, ಡಯಲ್ ಕೆರೆದು ಹೊಸ ಬಣ್ಣ ಹಾಕಿ ಹೊಸ ಅಕ್ಷರ ಅಚ್ಚು ಹಾಕುತ್ತಾರೆ. ಫೋಟೊದಲ್ಲಿ ಹೊಳೆಯುತ್ತದೆ. ಕೈಗೆ ಬಂದಾಗ ಭೂತಗನ್ನಡಿಯಲ್ಲಿ ನೋಡಿ. ಕಾರ್ಖಾನೆಯ ಅಕ್ಷರ ತೆಳ್ಳಗೆ, ಅಂಚು ಕತ್ತರಿಸಿದ ಹಾಗೆ ಇರುತ್ತದೆ. ಮರು ಅಚ್ಚಿನ ಅಕ್ಷರ ದಪ್ಪ, ಮಸಿ ಒದ್ದೆ ಕಾಗದಕ್ಕೆ ತಾಗಿದ ಹಾಗೆ ಸ್ವಲ್ಪ ಹರಡಿರುತ್ತದೆ. ಸುತ್ತ ಇರುವ ನಿಮಿಷದ ಗೆರೆಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. 12ರ ಹತ್ತಿರ ಸರಿಯಾಗಿದ್ದದ್ದು 7, 8ಕ್ಕೆ ಬರುವಾಗ ಅಂಕಿಯ ನಡುವಿಗೆ ಸೇರದೆ ಆಚೀಚೆ ಸರಿದಿರುತ್ತದೆ. ಕೇಸಿನ ಅಂಚುಗಳು ಪಾಲಿಶ್‌ಗೆ ಸವೆದು ಸಾಬೂನಿನ ಬಿಲ್ಲೆಯ ಹಾಗೆ ದುಂಡಗಾಗಿರುತ್ತವೆ. ಹಳೆಯ ಕೇಸಿನಲ್ಲಿ ನಿನ್ನೆ ಮಾಡಿದಂಥ ಡಯಲ್ ಕೂತಿದ್ದರೆ ಅದೇ ಸಾಕು, ಬೇರೆ ಪರೀಕ್ಷೆ ಬೇಡ.

ಬಣ್ಣ ಬಳಿಯುವುದೇ ಅಪರಾಧ ಅಂತ ನಾನು ಹೇಳುವುದಿಲ್ಲ. ಕೆಲವು ಕಾರಿಗರರ ಕೈ ನೋಡಿದರೆ ಮೆಚ್ಚಬೇಕು. ತಂದೆಯ ವಾಚನ್ನು ಮತ್ತೆ ಕಟ್ಟಿಕೊಳ್ಳಲು ಡಯಲ್ ಮಾಡಿಸಿಕೊಳ್ಳುವವರು ಎಷ್ಟೋ ಜನ. ಹೇಳಿ ಮಾರಿದರೆ ಅದು ಕಸುಬು, ಹೇಳದೆ ಮಾರಿದರೆ ಮೋಸ.

ನಿಮ್ಮವರು ಕೊಂಡ ಪುಟದಲ್ಲಿ ‘ಒರಿಜಿನಲ್’ ಎಂದು ಬರೆದಿದೆಯಾ ನೋಡಿ, ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ, ಪುಟ ಮಾಯವಾಗಬಹುದು. ರಿಪೇರಿಯವರಿಂದ ಎರಡು ಸಾಲು ಬರೆಸಿಕೊಳ್ಳಿ. ವಾಪಸ್ ಮಾಡುವ ಅವಧಿ ಇನ್ನೂ ಇದ್ದರೆ ತಾಣದಲ್ಲೇ ದೂರು ಹಾಕಿ. ಇ-ಕಾಮರ್ಸ್ ನಿಯಮದ ಪ್ರಕಾರ ಅವರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗಲಿಲ್ಲ ಎಂದರೆ ಗ್ರಾಹಕ ಸಹಾಯವಾಣಿ 1915. ಮುಂದೆ ಜಿಲ್ಲಾ ಗ್ರಾಹಕ ಆಯೋಗ. ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಬೇಕೆಂದಿಲ್ಲ, 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಆದರೆ ಇದು ನಡೆಯುವುದು ವ್ಯಾಪಾರಿಗಳ ಮೇಲೆ. ಮನೆಯ ಹಳೆಯ ವಾಚು ಒಂದೇ ಸಲ ಮಾರಿದ ಖಾಸಗಿ ಮನುಷ್ಯನ ಮೇಲೆ ಗ್ರಾಹಕ ಕಾನೂನು ನಡೆಯುವುದಿಲ್ಲ. ಮುಂದಿನ ಸಲ ಪಾರ್ಸೆಲ್ ಬಂದಾಗ ಮೇಲಿನ ಚೀಟಿಯಿಂದ ಶುರು ಮಾಡಿ, ನಡುವೆ ನಿಲ್ಲಿಸದೆ, ಬಿಚ್ಚುವ ವಿಡಿಯೊ ಮಾಡಿ.

ದೂರ ಇರಬೇಕಾ ಎಂದರೆ, ಬೇಡ. ನಿಮ್ಮ ಕೈಯಲ್ಲಿರುವುದು ಒಂದೇ ಮನೆಯಲ್ಲಿ, ಒಬ್ಬರೇ ಕಟ್ಟಿದ, ಯಾರೂ ಕೈ ಹಾಕದ ವಾಚುಗಳು. ಕೂಡಿಡುವವರು ಹುಡುಕುವುದು ಇಂಥದ್ದನ್ನೇ. ಅವುಗಳಿಗೆ ಪಾಲಿಶ್ ಹಾಕಿಸಬೇಡಿ. ಗಾಜಿನ ಗೀರು, ಡಯಲಿನ ಕಂದು ಕಲೆ ಹಾಗೇ ಇರಲಿ, ಹತ್ತಿರದಿಂದ ಫೋಟೊ ತೆಗೆದು ಹಾಕಿ. ‘ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ’ ಎಂಬುದನ್ನೂ ಬರೆಯಿರಿ. ಹೀಗೆ ಬರೆದ ವಾಚನ್ನು ನಾನು ಕಣ್ಣು ಮುಚ್ಚಿ ಕೊಂಡಿದ್ದೇನೆ, ಒಮ್ಮೆಯೂ ಕೆಟ್ಟಿಲ್ಲ. ಗಿರಾಕಿ ಮುಂಬೈಯವರೇ ಆದರೆ ಮನೆಗೆ ಕರೆಯಬೇಡಿ. ನಿಮಗೆ ಗೊತ್ತಿರುವ ವಾಚು ರಿಪೇರಿ ಅಂಗಡಿಗೆ ಕರೆಯಿರಿ. ಅವರ ಎದುರಿಗೇ ಮುಚ್ಚಳ ತೆಗೆಸಿ, ಒಳಗಿನ ಮಿಷನ್ ಮೇಲಿನ ಎಚ್‌ಎಂಟಿ ಗುರುತು ತೋರಿಸಿ. ಹಣ ಬಂತು ಎಂಬುದಕ್ಕೆ ಅವರು ತೋರಿಸುವ ಸ್ಕ್ರೀನ್‌ಶಾಟ್ ನೋಡಬೇಡಿ, ಬಂದ ಎಸ್‌ಎಂಎಸ್ ಕೂಡ ಸಾಲದು. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಖಾತೆಗೆ ಹಣ ಬಂದಿದೆಯಾ ನೋಡಿ, ಆಮೇಲೆ ವಾಚು ಕೊಡಿ. ‘ತಪ್ಪಿ ಜಾಸ್ತಿ ಹಾಕಿದೆ, ಉಳಿದದ್ದು ವಾಪಸ್ ಹಾಕಿ’ ಎಂದರೆ ಬ್ಯಾಂಕಿನ ಮೂಲಕ ಕೇಳಿ ಎನ್ನಿ.

ಆರನ್ನೂ ಒಟ್ಟಿಗೆ ಹಾಕಬೇಡಿ. ಕಡಿಮೆ ಬೆಲೆಯದ್ದನ್ನು ಮೊದಲು ಮಾರಿ. ಹೊಸ ಖಾತೆಗೆ ಒಂದೆರಡು ಒಳ್ಳೆಯ ಅಭಿಪ್ರಾಯ ಬರಲಿ, ನಿಮ್ಮ ಮಗನಿಗೂ ಕೈ ಕುದುರಲಿ.

ಹೆಸರು ಕೆತ್ತಿದ ವಾಚಿನ ಬಗ್ಗೆ ನೀವು ಏನೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕೆತ್ತನೆ ಇದ್ದರೆ ಹೊರಗಿನವರು ಸಾಮಾನ್ಯವಾಗಿ ಬೆಲೆ ಇಳಿಸಿ ಕೇಳುತ್ತಾರೆ. ಅದನ್ನು ಉಜ್ಜಿ ತೆಗೆಸಿಕೊಡಿ ಎಂದೂ ಕೇಳಬಹುದು. ಗಿರಣಿಯವರು ಕೊಟ್ಟದ್ದಾ, ಮಾವ ತಾವೇ ಕೆತ್ತಿಸಿದ್ದಾ, ಊರಿನಲ್ಲಿರುವ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ರಿಪೇರಿಯವರ ಹತ್ತಿರ ಹೋದಾಗ ಅದಕ್ಕೊಮ್ಮೆ ಎಣ್ಣೆ ಹಾಕಿಸಿ, ಕೀ ಕೊಟ್ಟು, ಒಂದು ವಾರ ನಿಮ್ಮ ಮಗನ ಕೈಗೆ ಕಟ್ಟಿ. ಉಳಿದ ಐದನ್ನು ಹರಾಜಿಗೆ ಹಾಕುವ ಮಾತು ಅದಾದ ಮೇಲೆ.